ಎಣ್ಣೆ ಬೈಲಪ್ಪ ಮತ್ತು ಎಪ್ಪತ್ತೊಂದನೇ ಗಾಡಿ

ಹಲಸೂರು ಕೆರೆಯ ಆಚೆಗಿದ್ದ ಮಿಲಿಟರಿ ಮೋಟಾರು ಡಿಪೋದಲ್ಲಿ ಬೈಲಪ್ಪನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. "ಏ ಎಣ್ಣೆ!" ಎಂದರೆ ಸಾಕು, ಎಲ್ಲಿದ್ದರೂ ಓಡಿ ಬರಬೇಕು. ಬರುತ್ತಿದ್ದ ಕೂಡ. ನಾಲ್ಕು ವರ್ಷ ಹೀಗೆ ಓಡಿಓಡಿ ಬಂದದ್ದರಿಂದ ಅವನಿಗೆ ಅದೇ ಹೆಸರು ಗಟ್ಟಿಯಾಗಿಹೋಯಿತು. ಕೆ.ಆರ್. ಪುರದ ಹತ್ತಿರದ ಹಳ್ಳಿಯ ಮನೆಯಲ್ಲಿ ಹೆಂಡತಿ ಮುನಿಲಕ್ಷ್ಮಮ್ಮ ಒಲೆ ಮುಂದೆ ಕೂತು "ಎಣ್ಣೆ ಎಲ್ಲಿ?" ಎಂದು ತನ್ನಷ್ಟಕ್ಕೆ ಗೊಣಗಿದರೂ ಇವನು ಜಗಲಿಯಿಂದ ದಡಕ್ಕನೆ ಎದ್ದು ನಿಲ್ಲುತ್ತಿದ್ದನಂತೆ. ಅವಳು ನಕ್ಕು ನಕ್ಕು ಸಾಕಾಗಿ, ಆಮೇಲಾಮೇಲೆ ಅಳು ಬಂದು, ಆ ಮಾತನ್ನೇ ಬಿಟ್ಟುಬಿಟ್ಟಳು.

ಅವನು ಆ ಕೆಲಸಕ್ಕೆ ಸೇರಿದ ಬಗೆಯೂ ಹಾಗೇ ಇದೆ. ನಲವತ್ತೆರಡರಲ್ಲಿ ಯುದ್ಧ ಬರ್ಮಾಕ್ಕೆ ಬಂದು, ಡಿಪೋಗೆ ರಾತ್ರೋರಾತ್ರಿ ಜನ ಬೇಕಾದರು. ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊರುತ್ತಿದ್ದ ಬೈಲಪ್ಪನೂ ಸಾಲಿನಲ್ಲಿ ನಿಂತ. ಮೇಜಿನ ಹಿಂದೆ ಕೂತಿದ್ದ ದೊಡ್ಡ ಮೀಸೆಯ ಹವಾಲ್ದಾರ ಒಬ್ಬೊಬ್ಬರನ್ನೂ "ಏನು ಗೊತ್ತು?" ಎಂದು ಕೇಳುತ್ತಿದ್ದ. ಸೈಕಲ್ಲು ತುಳಿಯಲು ಬಾರದವರೂ ಡ್ರೈವಿಂಗ್ ಗೊತ್ತು ಎಂದು ಬುರುಡೆ ಬಿಟ್ಟು ಒಳಗೆ ಹೋದರು. ಬೈಲಪ್ಪನಿಗೆ ಆ ಗಳಿಗೆಯಲ್ಲಿ ಸುಳ್ಳು ಹೊಳೆಯಲಿಲ್ಲ. "ಬಾವಿಲಿ ನೀರು ಸೇದೋದು ಗೊತ್ತು ಸ್ವಾಮಿ" ಎಂದುಬಿಟ್ಟ. ಹವಾಲ್ದಾರ ಹೊಟ್ಟೆ ಹಿಡಿದುಕೊಂಡು ನಕ್ಕು, ಅವನನ್ನು ಸೇದುವ ಕೆಲಸಕ್ಕೇ ಹಾಕಿದ. ಪೀಪಾಯಿಯಿಂದ ಡೀಸೆಲ್ ಸೇದಿ ಗಾಡಿಗಳಿಗೆ ತುಂಬುವುದು; ಗಾಡಿಯಡಿ ಮಲಗಿ, ಎಂಜಿನ್ನಿನ ಹೊಟ್ಟೆಯ ತಿರುಪು ಬಿಚ್ಚಿ, ಹಳೆ ಆಯಿಲ್ ಇಳಿಸಿ ಹೊಸದು ಹಾಕುವುದು. ಅಷ್ಟೇ. ಆ ಹೊಟ್ಟೆಯಿಂದ ಮೇಲಕ್ಕೆ ಒಂದು ತಿರುಪನ್ನೂ ಎಣ್ಣೆಯಾಳು ಮುಟ್ಟಕೂಡದೆಂದು ಡಿಪೋದ ಕಟ್ಟಪ್ಪಣೆ.

ಇದೂ ಒಂದು ಕೆಲಸವೇ ಎಂದು ನೀವು ಮೂಗು ಮುರಿಯಬಹುದು. ಡಿಪೋದವರೂ ಮುರಿದರು. ಆದರೆ ಆ ಹವಾಲ್ದಾರ, ದೇವರು ಅವನನ್ನು ತಣ್ಣಗಿಟ್ಟಿರಲಿ, ಬೈಲಪ್ಪನ ಕಿವಿ ಹಿಂಡಿ ನಾಲ್ಕು ಮಾತು ಹೇಳಿಕೊಟ್ಟಿದ್ದ. ಡೀಸೆಲ್ ಪೀಪಾಯಿಯನ್ನು ಎಂದೂ ನೆಟ್ಟಗೆ ನಿಲ್ಲಿಸಬೇಡ. ಮೇಲೆ ನಿಂತ ಮಳೆ ನೀರನ್ನು ಅದು ರಾತ್ರಿಯ ತಂಪಿಗೆ ಮುಚ್ಚಳದ ಸಂದಿಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ, ಮಲಗಿಸಿಡು. ಉರುಳಿಸಿ ತಂದ ಪೀಪಾಯಿಗೆ ತಕ್ಷಣ ಕೈ ಹಾಕಬೇಡ; ಒಂದು ರಾತ್ರಿ ಬಿಡು, ನೀರೂ ಕೊಳೆಯೂ ತಳ ಸೇರಲಿ. ತಳದ ಒಂದು ಗೇಣನ್ನು ಎಂದೂ ಸೇದಬೇಡ. ಸೇದಿದ್ದನ್ನು ಉಣ್ಣೆಗಂಬಳಿಯಂಥ ದಪ್ಪ ಫೆಲ್ಟ್ ಬಟ್ಟೆಯಲ್ಲಿ ಸೋಸದೆ ಗಾಡಿಗೆ ಕುಡಿಸಬೇಡ. ಹವಾಲ್ದಾರ ನಲವತ್ತನಾಲ್ಕರಲ್ಲಿ ಅಸ್ಸಾಮಿಗೆ ಹೋದವನು ಮತ್ತೆ ಬರಲಿಲ್ಲ. ಬೈಲಪ್ಪ ಮಾತ್ರ ಆ ಮಾತುಗಳನ್ನು ಒಂದು ದಿನವೂ ಮೀರಲಿಲ್ಲ. "ಪೀಪಾಯಿ ನಿದ್ದೆ ಮಾಡ್ತೈತೆ, ಸದ್ದು ಮಾಡ್ಬೇಡಿ" ಎಂದು ಡ್ರೈವರುಗಳು ಅವನನ್ನು ಅಣಕಿಸುತ್ತಿದ್ದರು. ಅಣಕಿಸಿಕೊಳ್ಳಲಿ ಬಿಡಿ, ಅವನು ತುಂಬಿದ ಗಾಡಿ ದಾರಿಯಲ್ಲಿ ಕೆಮ್ಮಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

ಆ ಗಾಡಿಗಳಲ್ಲಿ ಅವನ ಜೀವವೆಲ್ಲ ಇದ್ದದ್ದು ಎಪ್ಪತ್ತೊಂದನೇ ನಂಬರಿನ ಮೇಲೆ. ಹಿಂದೆ ತೆರೆದ ತೊಟ್ಟಿಯ ಪುಟ್ಟ ಲಾರಿ ಅದು. ಬಿಳಿ ಸಿಪಾಯಿಗಳಾದ ಸೋಜರರು ಅದನ್ನು ಪಿಕಪ್ ಎನ್ನುತ್ತಿದ್ದರು. ಅಷ್ಟು ಸಣ್ಣ ಗಾಡಿಗೆ ಡೀಸೆಲ್ ಎಂಜಿನ್ ಇದ್ದದ್ದು ಇಡೀ ಡಿಪೋದಲ್ಲಿ ಅದೊಂದಕ್ಕೇ. ಪೆಟ್ರೋಲ್ ಗಾಡಿಗಳ ನಡುವೆ ಒಂಟಿಯಾಗಿ ಗಡಗಡ ಎನ್ನುತ್ತಿದ್ದ ಅದಕ್ಕೆ ಬೈಲಪ್ಪ ನಾಲ್ಕು ವರ್ಷ ಹನಿಹನಿಯನ್ನೂ ತಾನೇ ಸೋಸಿ ಕುಡಿಸಿದ್ದ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದ. ಅದರ ಅಡಿಯಲ್ಲಿ ಮಲಗಿ, ಮೇಲೆ ಫಿಟ್ಟರುಗಳು ಏನೇನು ಮಾಡುತ್ತಾರೆಂದು ಕಣ್ಣು ಪಿಳುಕಿಸದೆ ನೋಡಿದ್ದ. ಮುಟ್ಟಬಾರದು ಎಂದಿದ್ದರೇ ಹೊರತು ನೋಡಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ.

ಯುದ್ಧ ಮುಗಿಯಿತು. ನಲವತ್ತಾರರ ಜೂನ್ ಹೊತ್ತಿಗೆ ಡಿಪೋ ಖಾಲಿಯಾಗತೊಡಗಿತು. ಗಾಡಿಗಳು, ಟೈರುಗಳು, ಕಡೆಗೆ ಬೈಲಪ್ಪ ಡೀಸೆಲ್ ಸೋಸುತ್ತಿದ್ದ ಫೆಲ್ಟಿನ ದೊಡ್ಡ ಲಾಳಿಕೆಯೂ ಹರಾಜಿಗೆ ಹೋಯಿತು. ಎಪ್ಪತ್ತೊಂದನ್ನು ಹಿಡಿದವರು ಶಿವಾಜಿನಗರದ ತರಕಾರಿ ವ್ಯಾಪಾರಿ ಇನಾಯತ್ ಉಲ್ಲಾ ಸಾಹೇಬರು. ಪೂರ್ವದ ಹಳ್ಳಿಗಳಿಂದ ಎತ್ತಿನ ಗಾಡಿಯಲ್ಲಿ ಬರುವ ಸೊಪ್ಪು ಮಾರುಕಟ್ಟೆ ತಲಪುವಷ್ಟರಲ್ಲಿ ಬಾಡುತ್ತಿದ್ದುದನ್ನು ನೋಡಿನೋಡಿ ಬೇಸತ್ತವರು ಅವರು. ಹರಾಜಿನ ದಿನ ಗಾಡಿಯ ಸುತ್ತ ತಿರುಗುತ್ತ, "ಇದಕ್ಕೆ ಎಣ್ಣೆ ನೋಡ್ಕೊಳ್ಳೋಕೆ ಒಬ್ಬ ಆಳು ಬೇಕಾಗ್ತಾನೆ" ಎಂದು ಅವರು ಅಂದದ್ದು ಪಕ್ಕದಲ್ಲಿ ಗುಡಿಸುತ್ತಿದ್ದ ಬೈಲಪ್ಪನ ಕಿವಿಗೆ ಬಿತ್ತು. ಬಿದ್ದದ್ದೇ ತಡ, ಅವನು ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತ ಗಾಡಿಯ ಹತ್ತಿರವೇ ಉಳಿದ.

ಆದರೆ ಹರಾಜಿಗೆ ಒಂದು ಷರತ್ತಿತ್ತು. ಕೊಂಡ ಗಾಡಿ ಶನಿವಾರ ಸಂಜೆ ಐದರ ಗಂಟೆ ಬಾರಿಸುವುದರೊಳಗೆ ತನ್ನ ಎಂಜಿನ್ನಿನ ಬಲದಲ್ಲೇ ಗೇಟು ದಾಟಬೇಕು. ಎಳೆದುಕೊಂಡು ಹೋಗುವ ಹಾಗಿಲ್ಲ. ದಾಟದೆ ಉಳಿದದ್ದನ್ನು ಸೋಮವಾರ ಗುಜರಿಗೆ ಕತ್ತರಿಸುತ್ತಾರೆ. ಬೈಲಪ್ಪನ ಕೆಲಸವೂ ಅದೇ ಶನಿವಾರ ಮುಗಿದು, ಬಿಡುಗಡೆ ಚೀಟಿ ಕೈಗೆ ಬರುವುದಿತ್ತು. ಗಾಡಿ ಉಳಿದರೆ ಅದರ ಹಿಂದೆಯೇ ತಾನೂ ಹೋಗಬಹುದು. ಇಲ್ಲವಾದರೆ ಮತ್ತೆ ಇಟ್ಟಿಗೆ ಗೂಡು, ಮತ್ತೆ ತಲೆಯ ಮೇಲೆ ಮಣ್ಣಿನ ಮಂಕರಿ. ಆ ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟಿ ಕೊಡುತ್ತ ಮುನಿಲಕ್ಷ್ಮಮ್ಮ, "ಬಾಯ್ಬಿಟ್ಟು ಕೇಳು. ಸುಮ್ನೆ ನಿಂತ್ಕೊಂಡು ಬಂದ್ಬಿಡ್ಬೇಡ" ಎಂದಿದ್ದಳು.

ಮಧ್ಯಾಹ್ನ ಎರಡು ಗಂಟೆಗೆ ಸಾಹೇಬರು ಬಂದರು. ತಲೆಯ ಮೇಲೆ ಕಪ್ಪು ಕುಚ್ಚಿನ ಕೆಂಪು ರೂಮಿ ಟೋಪಿ, ಮುಖದ ತುಂಬ ಮದುವೆ ಮನೆಯ ಕಳೆ. ಜೊತೆಗೆ ಮಾರುಕಟ್ಟೆಯ ನಾಲ್ವರು ಹಮಾಲಿಗಳು, ಮತ್ತು ಲತೀಫ್ ಉಸ್ತಾದ್. ಶಿವಾಜಿನಗರದಲ್ಲಿ ಲತೀಫ್ ಉಸ್ತಾದರ ಕೈ ಬಿದ್ದರೆ ಸತ್ತ ಕಾರೂ ಎದ್ದು ಕೂರುತ್ತದೆಂದು ಮಾತಿತ್ತು, ಅದು ಸುಳ್ಳೂ ಅಲ್ಲ. ಆದರೆ ಅವರು ಎಬ್ಬಿಸಿದ್ದೆಲ್ಲ ಪೆಟ್ರೋಲ್ ಕಾರುಗಳನ್ನು.

ಉಸ್ತಾದರು ಮೂತಿಯ ಮುಚ್ಚಳ ಎತ್ತಿದರು. ಬಗ್ಗಿ ನೋಡಿದರು. ಈ ಕಡೆಯಿಂದ ನೋಡಿದರು, ಆ ಕಡೆ ಹೋಗಿ ನೋಡಿದರು. ಗಡ್ಡ ಕೆರೆದುಕೊಂಡರು.

"ಪ್ಲಗ್ಗುಗಳೆಲ್ಲಾ ಯಾರೋ ಕದ್ಬಿಟ್ಟಿದಾರೆ ಇನಾಯತ್ ಭಾಯ್. ಒಂದೂ ಇಲ್ಲ!"

ಸ್ವಲ್ಪ ದೂರದಲ್ಲಿ ಪೊರಕೆ ಹಿಡಿದು ನಿಂತಿದ್ದ ಬೈಲಪ್ಪನಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿಕೊಂಡ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗೇ ಇರುವುದಿಲ್ಲ ಎಂಬುದು ಉಸ್ತಾದರಿಗೆ ಗೊತ್ತಿಲ್ಲ! ಅಷ್ಟರಲ್ಲಿ ಉಸ್ತಾದರು ಆಯಿಲ್ ಅಳೆಯುವ ಕಡ್ಡಿ ಹೊರಗೆಳೆದು, ಅದರ ತುದಿ ನೋಡಿ, ಹಾವು ತುಳಿದವರಂತೆ ಹಿಂದೆ ಸರಿದರು.

"ತೌಬಾ! ಇದ್ದಿಲು, ಇದ್ದಿಲು! ಒಳಗೆಲ್ಲಾ ಸುಟ್ಟು ಕರಕಲಾಗಿದೆ. ಈ ಎಂಜಿನ್ ಸತ್ತೋಗಿದೆ ಭಾಯ್. ನಿಮ್ಗೆ ಮೋಸ ಆಯ್ತು."

ಸಾಹೇಬರ ಮುಖದ ಕಳೆ ಹಾಗೇ ಇಳಿದುಹೋಯಿತು. ಅವರು ತೊಟ್ಟಿಯ ಅಂಚು ಹಿಡಿದುಕೊಂಡು ನಿಂತರು. ಬೈಲಪ್ಪನಿಗೆ ಈಗ ನಗು ಬರಲಿಲ್ಲ, ಸಿಟ್ಟು ಬಂತು. ಎಂಟು ದಿನದ ಹಿಂದೆ ತಾನು ಮಗುವಿಗೆ ಎಣ್ಣೆ ಒತ್ತಿದ ಹಾಗೆ ಬದಲಿಸಿದ ಆಯಿಲ್ ಅದು. ಅದನ್ನು ನೋಡಿ ಎಂಜಿನ್ ಸತ್ತಿದೆ ಎನ್ನುವುದೆ? ಪೊರಕೆ ಎಸೆದು ಮುಂದೆ ಬಂದ.

"ಸತ್ತಿಲ್ಲ ಸಾಹೇಬ್ರೇ! ಆ ಆಯಿಲ್ ನಾನೇ ಹಾಕಿದ್ದು, ಎಂಟು ದಿನ ಆಯ್ತು."

"ಎಂಟು ದಿನಕ್ಕೆ ಇಷ್ಟು ಕಪ್ಪಾ? ಯಾರೋ ನೀನು?" ಎಂದರು ಉಸ್ತಾದರು.

"ಎಣ್ಣೆ ಹಾಕೋನು ಉಸ್ತಾದ್. ಡೀಸೆಲ್ ಗಾಡಿಲಿ ಎಂಟು ದಿನ ಯಾಕೆ, ಒಂದು ಗಂಟೆಗೇ ಕಪ್ಪಾಗೋಗ್ತದೆ. ಉರಿದ ಮಸಿನೆಲ್ಲಾ ಆಯಿಲ್ಲೇ ಹೊತ್ಕೊಳ್ತದೆ. ಕಪ್ಪಾಗ್ದಿದ್ರೇ ನಾವು ಹೆದರ್ಕೋಬೇಕು." ಮಾತು ಬಾಯಿಂದ ತಾನೇ ತಾನಾಗಿ ಬರುತ್ತಿತ್ತು. ಬೈಲಪ್ಪನಿಗೇ ಆಶ್ಚರ್ಯ. ಕಡ್ಡಿಯ ತುದಿಯ ಎಣ್ಣೆಯನ್ನು ತನ್ನ ಅಂಗೈಗೆ ಸವರಿಕೊಂಡು ಬಿಸಿಲಿಗೆ ಹಿಡಿದ. "ನೋಡಿ. ಒಳಗೆ ಕಬ್ಬಿಣ ಸವೆದಿದ್ರೆ ಬಿಸಿಲಿಗೆ ಪುಡಿ ಮಿಂಚ್ಬೇಕು. ಮಿಂಚ್ತಾ ಐತಾ? ಮೂಸಿ, ಸುಟ್ಟ ವಾಸನೆ ಐತಾ? ಬೆರಳಲ್ಲಿ ಉಜ್ಜಿ ನೋಡಿ ಸಾಹೇಬ್ರೇ, ಬಣ್ಣ ನೋಡ್ಬೇಡಿ."

ಇನಾಯತ್ ಉಲ್ಲಾ ಸಾಹೇಬರು ಮೂವತ್ತು ವರ್ಷದಿಂದ ಹುರುಳಿಕಾಯಿಯನ್ನು ಬೆರಳಲ್ಲೇ ಮುರಿದು ಎಳೆಯದೋ ಬಲಿತದ್ದೋ ಹೇಳುತ್ತ ಬಂದವರು. ಬೆರಳಿನ ಮಾತು ಅವರಿಗೆ ಅರ್ಥವಾಗುತ್ತದೆ. ಬೈಲಪ್ಪನ ಅಂಗೈಯಿಂದ ಎಣ್ಣೆ ತೆಗೆದುಕೊಂಡು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದರು. ಇನ್ನೊಮ್ಮೆ ಉಜ್ಜಿದರು.

"ತುಪ್ಪ ಇದ್ದಂಗೆ ಇದೆ ಲತೀಫ್" ಎಂದರು.

ಉಸ್ತಾದರು ಗಂಟಲು ಕೆರೆದರು. "ಹಂಗಾದ್ರೆ ಸರಿ, ನೋಡೇಬಿಡೋಣ. ಟ್ಯಾಂಕ್ ಖಾಲಿ ಇದೆ, ಮೊದ್ಲು ಹೊಟ್ಟೆಗೆ ಹಾಕೋಣ" ಎಂದು ಹಮಾಲಿಯ ಕೈಯಿಂದ ಒಂದು ಡಬ್ಬ ತೆಗೆದುಕೊಂಡರು. ಪೆಟ್ರೋಲ್! ರೇಷನ್ನಿನ ಆ ಕಾಲದಲ್ಲಿ ಸಾಹೇಬರು ಎರಡು ತಿಂಗಳು ಚೀಟಿ ಕೂಡಿಟ್ಟು ತಂದ ಪೆಟ್ರೋಲ್. ಹೊಸ ಗಾಡಿಗೆ ಸಿಹಿ ತಿನ್ನಿಸುವಷ್ಟು ಪ್ರೀತಿಯಿಂದ ಉಸ್ತಾದರು ಟ್ಯಾಂಕಿನ ಬಾಯಿಗೆ ಡಬ್ಬ ಬಗ್ಗಿಸಿದರು.

ಬೈಲಪ್ಪ ಹೇಗೆ ಹಾರಿದನೋ ಅವನಿಗೇ ಗೊತ್ತಿಲ್ಲ. ಎರಡೂ ಅಂಗೈ ಟ್ಯಾಂಕಿನ ಬಾಯಿಗೆ ಅಡ್ಡ ಇಟ್ಟು ನಿಂತಿದ್ದ.

"ನನ್ ಕೈ ಮೇಲೆ ಸುರೀರಿ, ಒಳಗ್ ಬಿಡಲ್ಲ!"

"ಕೈ ತೆಗಿಯೋ!"

"ತೆಗಿಯಲ್ಲ ಉಸ್ತಾದ್! ಇದು ಪೆಟ್ರೋಲ್ ಕುಡಿಯೋ ಗಾಡಿ ಅಲ್ಲ. ಡೀಸೆಲ್ಲಲ್ಲಿ ಜಿಡ್ಡಿರ್ತದೆ, ಆ ಜಿಡ್ಡಲ್ಲೇ ಇದರ ಪಂಪು ಓಡೋದು. ಪೆಟ್ರೋಲ್ ಬಿದ್ರೆ ಒಣಗಿ ಕಚ್ಕೊಂಬಿಡ್ತದೆ. ಇದಕ್ಕೆ ಕಿಡಿನೂ ಬೇಡ. ಗಾಳಿನ ಒತ್ತಿ ಒತ್ತಿ ಕಾಯಿಸ್ತದೆ, ಅದರ ಮೇಲೆ ಡೀಸೆಲ್ ಬಿದ್ರೆ ತಾನೇ ಹತ್ಕೊಳ್ತದೆ. ಅದಕ್ಕೇ ಪ್ಲಗ್ಗಿಲ್ಲ. ಯಾರೂ ಕದ್ದಿಲ್ಲ."

ಹಮಾಲಿಗಳು ಕಿಸಕ್ಕನೆ ನಕ್ಕರು. ಉಸ್ತಾದರ ಮುಖ ಕೆಂಪಗಾಯಿತು. ಆದರೆ ಅವರು ಡಬ್ಬ ನೆಟ್ಟಗೆ ಮಾಡಿದರು. ನಿಜವಾದ ಕೆಲಸಗಾರನಿಗೆ ಇನ್ನೊಬ್ಬ ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಎಂಬುದು ದನಿಯಲ್ಲೇ ತಿಳಿಯುತ್ತದೆ. ಡಿಪೋದ ಗಡಿಯಾರ ಆಗ ಮೂರು ಹೊಡೆಯಿತು.

ಗಾಡಿಯ ಜೊತೆಗೆ ಸಾಹೇಬರಿಗೆ ಒಂದು ಪೀಪಾಯಿ ಡೀಸೆಲ್ಲನ್ನೂ ಕೊಟ್ಟಿದ್ದರು. ಅದರ ಹತ್ತಿರ ಓಡಿದ ಬೈಲಪ್ಪ ತಲೆಯ ಮೇಲೆ ಕೈ ಹೊತ್ತ. ಎಣಿಸಲು ಸುಲಭವಾಗಲೆಂದು ಯಾರೋ ಪುಣ್ಯಾತ್ಮರು ಎರಡು ದಿನದಿಂದ ಅದನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ್ದರು. ಎರಡು ರಾತ್ರಿಯೂ ಮಳೆ. ಮೇಲೆ ನೀರು ನಿಂತಿದ್ದ ಕಲೆ ಇನ್ನೂ ಹಸಿಯಾಗಿತ್ತು. ಸಾಲದ್ದಕ್ಕೆ, ಸಾಹೇಬರಿಗೆ ಅನುಕೂಲವಾಗಲೆಂದು ಆ ದಿನ ಬೆಳಿಗ್ಗೆ ತಾನೇ ಅದನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಉರುಳಿಸಿದ್ದರು. ಒಳಗೆ ಹೊಕ್ಕ ನೀರೆಲ್ಲ ಮಜ್ಜಿಗೆ ಕಡೆದ ಹಾಗೆ ಬೆರೆತುಹೋಗಿರುತ್ತದೆ.

"ಒಂದು ರಾತ್ರಿ ಬಿಟ್ರೆ ನೀರು ತಳಕ್ಕಿಳೀತದೆ ಸಾಹೇಬ್ರೇ" ಎಂದ.

"ನಮ್ಹತ್ರ ಇರೋದು ಎರಡು ಗಂಟೆ" ಎಂದರು ಸಾಹೇಬರು.

"ಹಂಗಾದ್ರೆ ಸೋಸ್ಬೇಕು."

ಉಸ್ತಾದರು ತಮ್ಮ ಹೆಗಲ ವಸ್ತ್ರ ಕೊಟ್ಟರು. ಬೈಲಪ್ಪ ಬೇಡವೆಂದು ತಲೆಯಾಡಿಸಿದ, ತೆಳು ಬಟ್ಟೆಯಲ್ಲಿ ಕಸ ನಿಲ್ಲುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಫೆಲ್ಟೇ ಆಗಬೇಕು. ಅವನ ಲಾಳಿಕೆ ನಿನ್ನೆಯೇ ಹರಾಜಾಗಿ ಯಾರ ಮನೆಯಲ್ಲಿದೆಯೋ. ಅವನು ಸುತ್ತ ನೋಡಿದ. ಗೋಡೆ ನೋಡಿದ, ಶೆಡ್ಡು ನೋಡಿದ, ಹಮಾಲಿಗಳ ಹೆಗಲು ನೋಡಿದ. ಕೊನೆಗೆ ಅವನ ಕಣ್ಣು ಸಾಹೇಬರ ತಲೆಯ ಮೇಲೆ ನಿಂತಿತು. ದಪ್ಪನೆಯ, ಗಟ್ಟಿಯಾದ, ಒಂದು ಹೊಲಿಗೆಯೂ ಇಲ್ಲದ ಕೆಂಪು ಫೆಲ್ಟು. ಬೋರಲು ಹಾಕಿದರೆ ಥೇಟ್ ಲಾಳಿಕೆಯ ಬಾಯಿಗೆ ಮಾಡಿಸಿದ ಹಾಗಿದೆ.

ಅವನು ಕಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆಯದಿದ್ದರೂ ನಾಲ್ಕು ವರ್ಷ ಇಲ್ಲಿ ಓಡಾಡಿದವನು. ಒಬ್ಬ ದೊಡ್ಡ ಮನುಷ್ಯನ ತಲೆಯ ಟೋಪಿಗೆ ಕೈ ಚಾಚುವುದೆಂದರೆ ಏನೆಂದು ಅವನಿಗೆ ಗೊತ್ತು. ಬಯಲಲ್ಲಿ, ನಾಲ್ಕು ಜನರೆದುರು, ಸಾಹೇಬರು ಬರಿದಲೆಯಲ್ಲಿ ನಿಲ್ಲಬೇಕು. ಅದನ್ನು ಕೇಳುವವನು ಯಾರು? ಎಣ್ಣೆ! ಬಾಯಿಬಿಟ್ಟು ಕೇಳು ಎಂದಿದ್ದಳು ಮುನಿಲಕ್ಷ್ಮಮ್ಮ. ಇದನ್ನೇ ಕೇಳಬೇಕಾಗಿ ಬರುತ್ತದೆಂದು ಪಾಪ ಅವಳಿಗೇನು ಗೊತ್ತು.

"ಸಾಹೇಬ್ರೇ... ತಪ್ಪು ತಿಳ್ಕೋಬೇಡಿ. ನಿಮ್ ಟೋಪಿ ಕೊಟ್ರೆ ಗಾಡಿ ಗೇಟ್ ದಾಟ್ತದೆ."

ಉಸ್ತಾದರು ಸಿಡಿದರು. "ಏನಂದೆ? ಅದು ಇವರ ನಿಕಾಹ್ ದಿನ ಇವರ ಅಬ್ಬಾಜಾನ್ ತಮ್ಮ ಕೈಯಾರೆ ತಲೆಗೆ ಇಟ್ಟಿದ್ದು, ಗೊತ್ತಾ? ನಾಲಿಗೆ ಹಿಡಿದು ಮಾತಾಡು!"

ಸಾಹೇಬರು ಬೈಲಪ್ಪನನ್ನು ದಿಟ್ಟಿಸಿದರು. ಬೈಲಪ್ಪನಿಗೆ ಕಣ್ಣು ತಗ್ಗಿಸಬೇಕೆನಿಸಿತು, ತಗ್ಗಿಸಲಿಲ್ಲ.

"ಹಾಳಾಗುತ್ತಾ?" ಎಂದು ಸಾಹೇಬರು ಕೇಳಿದರು.

"ಆಗ್ತದೆ ಸಾಹೇಬ್ರೇ. ಮತ್ತೆ ಹಾಕ್ಕೊಳ್ಳಕ್ಕಾಗಲ್ಲ."

"ಗಾಡಿ ಉಳಿಯುತ್ತಾ?"

"ಉಳೀತದೆ. ನನ್ ಮಕ್ಕಳಾಣೆ."

ಸಾಹೇಬರು ಟೋಪಿ ತೆಗೆದರು. ನೆತ್ತಿಯಲ್ಲಿ ಕೂದಲು ಬಹಳ ಇರಲಿಲ್ಲ, ಪಾಪ. ಕುಚ್ಚನ್ನು ತಾವೇ ಕಿತ್ತು ಜೇಬಿಗೆ ಹಾಕಿಕೊಂಡರು. ಒಳಗಿನ ಅಸ್ತರನ್ನೂ ತಾವೇ ಚರ್ರನೆ ಹರಿದು ತೆಗೆದು, ಬರಿಯ ಫೆಲ್ಟನ್ನು ಬೈಲಪ್ಪನ ಕೈಗಿಟ್ಟರು. "ಜಲ್ದಿ" ಎಂದರು, ಅಷ್ಟೇ.

ಆಮೇಲೆ ನೋಡಬೇಕಿತ್ತು ನೀವು ಬೈಲಪ್ಪನನ್ನು! ರಬ್ಬರ್ ಕೊಳವೆಗೆ ದಾರ ಸುತ್ತಿ ಗುರುತು ಮಾಡಿದ. ಆ ಗುರುತಿನ ಕೆಳಕ್ಕೆ ಕೊಳವೆ ಇಳಿಸಿದರೆ ತಳದ ಗೇಣಿಗೆ ತಾಗುತ್ತದೆ. ಪೀಪಾಯಿಯನ್ನು ನಾಲ್ವರು ಹಮಾಲಿಗಳಿಂದ ತೊಟ್ಟಿಯ ಮೇಲೇರಿಸಿದ, ಒಂದಿಷ್ಟೂ ಅಲುಗಬಾರದೆಂದು ಕೂಗಾಡಿ ಬಯ್ದ. ಬಯ್ಯುತ್ತಿರುವುದು ತಾನೇ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಟೋಪಿಯನ್ನು ಮೊದಲು ಡೀಸೆಲ್ಲಿನಲ್ಲೇ ಚೆನ್ನಾಗಿ ತೋಯಿಸಿದ. ಎಣ್ಣೆ ಕುಡಿದ ಫೆಲ್ಟು ಎಣ್ಣೆಯನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಅದನ್ನು ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಬರಿಯ ತಗಡಿನ ಹಳೆ ಲಾಳಿಕೆಯೊಳಗೆ ಕೂರಿಸಿ, ಕೊಳವೆ ಬಾಯಿಗಿಟ್ಟು ಒಂದೇ ಎಳೆತ ಎಳೆದ. ಬಾಯಿಗೆ ಬಂದ ಡೀಸೆಲ್ಲನ್ನು ಥೂ ಎಂದು ಉಗುಳಿ ಕೊಳವೆಯನ್ನು ಟೋಪಿಯೊಳಗೆ ಬಿಟ್ಟ.

ಸಣ್ಣಗೆ ಸುರಿಯಿತು. ಟೋಪಿಯ ತಳದಿಂದ ತಿಳಿಯಾದ, ಬಂಗಾರದ ಬಣ್ಣದ ಎಳೆ ಟ್ಯಾಂಕಿಗೆ ಇಳಿಯತೊಡಗಿತು. ಎಲ್ಲರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಟೋಪಿಯೊಳಗೆ ಒಂದು ಗುಂಡು ಹೊರಳಾಡಿತು. ಮತ್ತೊಂದು. ಆಮೇಲೆ ಹತ್ತಾರು ಕೂಡಿಕೊಂಡು ನಿಂಬೆಹಣ್ಣಿನಷ್ಟು ದಪ್ಪವಾಗಿ, ಕೆಂಪು ಫೆಲ್ಟಿನ ಮೇಲೆ ಫಳಫಳ ಎಂದಿತು.

"ಪಾನಿ!" ಎಂದು ಉಸ್ತಾದರು ಕಿರುಚಿದರು. "ಯಾ ಅಲ್ಲಾ, ಇಷ್ಟೊಂದು ನೀರು!"

ಬೈಲಪ್ಪ ಟೋಪಿ ಎತ್ತಿ ನೀರು ಚೆಲ್ಲಿದ, ಮತ್ತೆ ಕೂರಿಸಿದ. ಹೀಗೆ ಏಳು ಸಲ. ಶಿವಾಜಿನಗರ ಮುಟ್ಟುವಷ್ಟು ಡೀಸೆಲ್ ಸೇರುವ ಹೊತ್ತಿಗೆ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು.

ಇನ್ನೂ ಒಂದು ಕಂಟಕ ಬಾಕಿ. ಟ್ಯಾಂಕು ಬರಿದಾಗಿದ್ದರಿಂದ ಕೊಳವೆಗಳಲ್ಲೆಲ್ಲ ಗಾಳಿ ಸೇರಿರುತ್ತದೆ. ಆ ಗಾಳಿ ಹೋಗದಿದ್ದರೆ ಡೀಸೆಲ್ ಎಂಜಿನ್ನಿಗೆ ತಲಪುವುದೇ ಇಲ್ಲ. ಎರಡು ತಿರುಪು ಸಡಿಲಿಸಿ, ಪುಟ್ಟ ಕೈಪಂಪು ಒತ್ತುತ್ತ ಹೋದರೆ ನೊರೆ ನೊರೆಯಾಗಿ ಗಾಳಿ ಹೊರಬರುತ್ತದೆ. ಫಿಟ್ಟರುಗಳು ಮಾಡುವುದನ್ನು ಬೈಲಪ್ಪ ಅಡಿಯಲ್ಲಿ ಮಲಗಿ ನೂರು ಸಲ ನೋಡಿದ್ದಾನೆ. ಒಂದು ಸಲವೂ ಮುಟ್ಟಿಲ್ಲ. ಎಂಜಿನ್ನಿನ ಮುಂದೆ ನಿಂತವನ ಕೈ ತಾನಾಗಿ ಹಿಂದಕ್ಕೆ ಸರಿಯಿತು.

"ಯಾಕೋ ನಿಂತ್ಬಿಟ್ಟೆ?" ಎಂದರು ಉಸ್ತಾದರು.

"ಹೊಟ್ಟೆಯಿಂದ ಮೇಲಕ್ಕೆ ನಾವು ಮುಟ್ಟಂಗಿಲ್ಲ ಉಸ್ತಾದ್. ಆರ್ಡರ್ ಇಲ್ಲ. ತಿರುಪು ತಿರುಗಿಸೋ ಪಾನಾನೂ ಇಲ್ಲ."

ಲತೀಫ್ ಉಸ್ತಾದರು ಇಪ್ಪತ್ತು ವರ್ಷದಿಂದ ಯಾರಿಗೂ ಮುಟ್ಟಗೊಡದ ತಮ್ಮ ಚರ್ಮದ ಚೀಲ ಬಿಚ್ಚಿ, ಹಿಡಿ ಸವೆದು ಹೊಳೆಯುತ್ತಿದ್ದ ಪಾನಾ ಹೊರತೆಗೆದರು. ಅದನ್ನು ಬೈಲಪ್ಪನ ಕೈಗೆ ಕೊಟ್ಟು, "ತಗೋ. ನೀನ್ ಹೇಳು, ನಾನ್ ಪಂಪ್ ಒತ್ತೀನಿ" ಎಂದರು.

ಬೈಲಪ್ಪನಿಗೆ ಮೈ ಜುಮ್ಮೆಂದಿತು. ಮೊದಲ ತಿರುಪು ಸಡಿಲಿಸಿದ. ಉಸ್ತಾದರು ಒತ್ತಿದರು. ಬುಸ್, ಬುಸ್, ನೊರೆ, ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. "ಸಾಕ್ ಉಸ್ತಾದ್!" ಬಿಗಿದ. ಎರಡನೆಯದು ಸಡಿಲಿಸಿದ. ಬುಸ್, ಬುಸ್. ಅಷ್ಟರಲ್ಲಿ ಗೇಟಿನ ಕಡೆಯಿಂದ ಕಾವಲಿನವನು, "ಇನ್ನು ಐದೇ ನಿಮಿಷ!" ಎಂದು ಕೂಗಿದ.

"ತಳ್ರೋ!" ಎಂದು ಬೈಲಪ್ಪ ಕೂಗಿದ. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಹ್ಯಾಂಡಲ್ ತಿರುವಲು ಹೊತ್ತಿಲ್ಲ. ಅಂಗಳ ಗೇಟಿನವರೆಗೆ ಇಳಿಜಾರು, ಅದೊಂದು ಪುಣ್ಯ. ಉಸ್ತಾದರು ಒಳಗೆ ಹಾರಿ ಸ್ಟಿಯರಿಂಗ್ ಹಿಡಿದರು. ಹಮಾಲಿಗಳು ಹಿಂದೆ ಭುಜ ಕೊಟ್ಟರು. ಅವರ ನಡುವೆ ನುಗ್ಗಿ ಭುಜ ಕೊಟ್ಟವರು ಬರಿದಲೆಯ ಇನಾಯತ್ ಉಲ್ಲಾ ಸಾಹೇಬರು. ಗಾಡಿ ಅಲುಗಿತು, ಉರುಳಿತು, ಓಡಿತು. "ಈಗ ಬಿಡಿ ಉಸ್ತಾದ್, ಈಗ!" ಉಸ್ತಾದರು ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಗಾಡಿ ಕುಪ್ಪಳಿಸಿತು. ಡುಗ್. ಡುಗ್ ಡುಗ್. ಹಿಂದಿನಿಂದ ಬಿಳಿ ಹೊಗೆ, ಆಮೇಲೆ ಕರಿ ಹೊಗೆ, ಆಮೇಲೆ ಗಡಗಡಗಡಗಡ ಎಂದು ಎಪ್ಪತ್ತೊಂದು ಗುಡುಗಿತು! ಬೈಲಪ್ಪ ತೆರೆದ ಮೂತಿಯ ಪಕ್ಕದಲ್ಲೇ ಓಡುತ್ತ ಮಗುವಿನಂತೆ ಕುಣಿದಾಡಿದ.

ಕುಣಿದಾಡುತ್ತಿದ್ದವನ ಮುಖಕ್ಕೆ ಏನೋ ಚಿಮ್ಮಿತು. ಡೀಸೆಲ್! ಎರಡನೆಯ ತಿರುಪು! ಐದೇ ನಿಮಿಷ ಎಂಬ ಕೂಗಿಗೆ ಬೆದರಿ ಅದನ್ನು ಬಿಗಿಯುವುದನ್ನೇ ಮರೆತಿದ್ದ. ಎಂಜಿನ್ನಿನ ದನಿ ಆಗಲೇ ಕುಗ್ಗುತ್ತಿತ್ತು. ಪಾನಾ ಎಲ್ಲಿ ಬಿತ್ತೋ. ನಿಲ್ಲಿಸಿ ಹುಡುಕಿದರೆ ಕೆಟ್ಟಿತು, ಮತ್ತೆ ತಳ್ಳಲು ಇಳಿಜಾರು ಉಳಿದಿಲ್ಲ. ಬೈಲಪ್ಪ ಓಡುವ ಗಾಡಿಯ ಮುಂದಿನ ಮಡ್‌ಗಾರ್ಡ್ ಮೇಲೆ ಹಾರಿ ಕುಕ್ಕರಿಸಿ, ತೆರೆದ ಮೂತಿಯೊಳಗೆ ಕೈ ತೂರಿಸಿ, ಹೆಬ್ಬೆರಳಿನಿಂದ ಆ ತಿರುಪನ್ನು ಅದುಮಿ ಹಿಡಿದ. ಎಂಜಿನ್ ಒಮ್ಮೆ ಕೆಮ್ಮಿ, ಮತ್ತೆ ಗಡಗಡ ಎಂದಿತು. ಹಿಂದೆ ತಳ್ಳುತ್ತಿದ್ದವರೆಲ್ಲ ಓಡುತ್ತಲೇ ತೊಟ್ಟಿಗೆ ಹತ್ತಿಕೊಂಡರು.

ಗೇಟು ಬಂತು. ಕಾವಲಿನವನು ಗಂಟೆಗೆ ಕೊಡತಿ ಎತ್ತಿದ್ದ. "ಏ ಎಣ್ಣೆ! ನೀನೆಲ್ಲಿಗೋ? ಚೀಟಿ ತಗೊಂಡು ಹೋಗೋ!" ಎಂದು ಕೂಗಿದ. ಬೈಲಪ್ಪ ತಿರುಗಿಯೂ ನೋಡಲಿಲ್ಲ. ತಿರುಗಿದರೆ ಹೆಬ್ಬೆರಳು ಜಾರುತ್ತದೆ. ಗಾಡಿಯ ಹಿಂದಿನ ಚಕ್ರ ಗೇಟು ದಾಟಿದ ಮೇಲೆ ಮೊದಲ ಗಂಟೆ ಢಣ್ ಎಂದಿತು. ತೊಟ್ಟಿಯಲ್ಲಿದ್ದ ಸಾಹೇಬರೂ ಹಮಾಲಿಗಳೂ ಗಂಟಲು ಹರಿಯುವಂತೆ ಕೂಗಿದರು. ಅವನ ಬುತ್ತಿ, ಚಪ್ಪಲಿ, ಚೀಟಿ ಎಲ್ಲ ಡಿಪೋದಲ್ಲೇ ಉಳಿಯಿತು.

ಹಲಸೂರು ಕೆರೆಯ ಏರಿಯುದ್ದಕ್ಕೂ ಬಟ್ಟೆ ಒಗೆಯುವವರು ಎದ್ದು ನಿಂತು ನೋಡಿದರು. ನೋಡದೆ ಏನು? ಹೊಗೆ ಕಾರುವ ಹಸಿರು ಗಾಡಿ, ಮಡ್‌ಗಾರ್ಡಿನ ಮೇಲೆ ಕಪ್ಪು ಮುಖದ ಒಬ್ಬ, ತೊಟ್ಟಿಯಲ್ಲಿ ಪೀಪಾಯಿಯನ್ನು ತಬ್ಬಿಕೊಂಡು ನಿಂತ ಬರಿದಲೆಯ ಸಾಹೇಬರು. ಬೈಲಪ್ಪನ ಹೆಬ್ಬೆರಳು ಮೊದಲು ಉರಿಯಿತು, ಆಮೇಲೆ ಮರಗಟ್ಟಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಬೆರಳ ಕೆಳಗೆ ಎಂಜಿನ್ ನಡುಗುತ್ತಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಅದನ್ನು ಮೇಲಿನಿಂದ ಮುಟ್ಟಿದ್ದ.

ಶಿವಾಜಿನಗರದ ಮಾರುಕಟ್ಟೆಯ ಮುಂದೆ ಗಾಡಿ ನಿಂತಾಗ ಜನ ಜೇನುಹುಳುಗಳಂತೆ ಮುತ್ತಿಕೊಂಡರು. ಎಲ್ಲರೂ ಗಾಡಿಯನ್ನು ಬಿಟ್ಟು ಸಾಹೇಬರ ತಲೆಯನ್ನೇ ನೋಡುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರನ್ನು ಬರಿದಲೆಯಲ್ಲಿ ಕಂಡವರಿಲ್ಲ. ಹಣ್ಣಿನಂಗಡಿಯ ಮುದುಕ ಕರೀಂ ಸಾಹೇಬರು ತಡೆಯಲಾರದೆ ಕೇಳಿಯೇಬಿಟ್ಟರು.

"ಇನಾಯತ್, ಟೋಪಿ ಎಲ್ಲಿ?"

ಗಾಡಿಯ ಗದ್ದಲದಲ್ಲಿ ಬೈಲಪ್ಪ ಅದನ್ನು ಮರೆತೇಬಿಟ್ಟಿದ್ದ. ಟ್ಯಾಂಕಿನ ಬಾಯಲ್ಲೇ ಉಳಿದಿದ್ದ ಲಾಳಿಕೆಯೊಳಗೆ ನೆನೆದು ಮುದ್ದೆಯಾಗಿ ಬಿದ್ದಿತ್ತು ಅದು. ಇಷ್ಟು ಜನರೆದುರು ಇವರ ಮಾನ ಕಳೆದೆನಲ್ಲ ಎಂದು ಮಡ್‌ಗಾರ್ಡಿನ ಮೇಲೆ ಕೂತಲ್ಲೇ ತಲೆ ತಗ್ಗಿಸಿದ.

ಸಾಹೇಬರು ತೊಟ್ಟಿಯಿಂದ ಇಳಿದು ಬಂದರು. ಲಾಳಿಕೆಯಿಂದ ಟೋಪಿ ಎತ್ತಿ, ಹಿಂಡಿ, ಜನರಿಗೆ ತೋರಿಸಿ, ಅದನ್ನು ಬೈಲಪ್ಪನ ಹೆಗಲ ಮೇಲಿಟ್ಟರು.

"ಇನ್ಮೇಲೆ ಇದು ಇವರದು ಕರೀಂ ಭಾಯ್. ನಮ್ ಗಾಡಿ ಒಂದು ಹನಿ ಕುಡಿದ್ರೂ ಇದರಲ್ಲಿ ಸೋಸಿದ್ದನ್ನೇ ಕುಡಿಯೋದು. ಇವರು ನಮ್ಮ ಮೇಸ್ತ್ರಿ." ಆಮೇಲೆ ಬೈಲಪ್ಪನ ಕಡೆ ತಿರುಗಿ, ನಾಚಿಕೊಂಡವರಂತೆ ದನಿ ತಗ್ಗಿಸಿದರು. "ಮಾಫ್ ಮಾಡಿ, ಮಧ್ಯಾಹ್ನದಿಂದ ಕೇಳೋಕೇ ಆಗ್ಲಿಲ್ಲ. ನಿಮ್ಮ ಹೆಸರೇನು?"

ಹೇಳಲು ಬಾಯಿ ತೆರೆದ ಬೈಲಪ್ಪನಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಒಂದು ಕೈ ಎಂಜಿನ್ನಿನ ಒಳಗೆ, ಇನ್ನೊಂದರ ತುಂಬ ಡೀಸೆಲ್. ಅಷ್ಟರಲ್ಲಿ ಲತೀಫ್ ಉಸ್ತಾದರು ಎಂಜಿನ್ ಆರಿಸಿ, ಚೀಲದಿಂದ ಬೇರೊಂದು ಪಾನಾ ತಂದು, ಅವನ ಬೆರಳ ಪಕ್ಕದಲ್ಲೇ ಇಟ್ಟು ತಿರುಪನ್ನು ಬಿಗಿದರು.

"ಆಯ್ತು ಮೇಸ್ತ್ರಿ, ಇನ್ನು ಬೆರಳು ತೆಗೀಬಹುದು."

"ಬೈಲಪ್ಪ ಸಾಹೇಬ್ರೇ" ಎಂದ ಅವನು. "ನನ್ ಹೆಸರು ಬೈಲಪ್ಪ." ಬೆರಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು.